ಪಿಸ್ತೂಲಿನ ಲಕ್ಷಣವಿಚಾರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಇತಿಹಾಸವನ್ನೂ ಅದರ ನೆರೆನಾಡುಗಳ ಲಾವಣಿಗಳನ್ನೂ ಬೋಧಿಸುವ ಉಪಾಧ್ಯಾಯರಿಗೆ ಕೋವಿ, ತುಪಾಕಿ, ಬಂದೂಕು, ಪಿಸ್ತೂಲು ಎಂಬ ಶಬ್ದಗಳು ಪದೇ ಪದೇ ಎದುರಾಗುತ್ತವೆ. 'ಗುಂಡು ಹಾರಿಸುವ ಆಯುಧ' ಎಂದು ಅರ್ಥ ಹೇಳಿ ಮುಂದುವರಿಯುವುದು ವಾಡಿಕೆ. ಆದರೆ ವಿದ್ಯಾರ್ಥಿಯು ಚಲಚ್ಚಿತ್ರದಲ್ಲಿ ಕಂಡಿರುವುದು ತುಕ್ಕು ಹಿಡಿಯದ ಉಕ್ಕಿನ, ಬೆಳ್ಳಿಯಂತೆ ಹೊಳೆಯುವ, ಎಡೆಬಿಡದೆ ಗುಂಡು ಹಾರಿಸುವ ಪಿಸ್ತೂಲನ್ನು. ಅದನ್ನೇ ಅವನು 1858ರ ಯೋಧನ ಕೈಯಲ್ಲಿಯೂ ಕಲ್ಪಿಸಿಕೊಳ್ಳುತ್ತಾನೆ. ಇದರಿಂದ ಆ ಯೋಧರ ಸಾಹಸವೂ ಸೋಲೂ ಎರಡೂ ತಪ್ಪಾಗಿ ತಿಳಿಯಲ್ಪಡುತ್ತವೆ. ಆದುದರಿಂದ ಈ ಆಧುನಿಕ ಪಿಸ್ತೂಲಿನ ಲಕ್ಷಣವನ್ನು ನಿರೂಪಿಸಿ, ಹಳೆಯ ಕೋವಿಗೂ ಅದಕ್ಕೂ ಇರುವ ಭೇದವನ್ನು ತೋರಿಸುವುದು ಈ ಲೇಖನದ ಉದ್ದೇಶವು.

ಮೊದಲು ಶಬ್ದವಿಚಾರ. ಕನ್ನಡದ 'ಕೋವಿ'ಗೆ ಕೊಳವೆ ಎಂಬ ಅರ್ಥವೂ ಉಂಟು. 'ತುಪಾಕಿ'ಯು ತುರ್ಕಿ ಭಾಷೆಯಿಂದ ಬಂದುದು. ಅಲ್ಲಿ ಅದರ ಮೂಲಾರ್ಥವು ಊದುಗೊಳವೆಯೆಂದು ತಜ್ಞರು ಹೇಳುತ್ತಾರೆ. 'ಪಿಸ್ತೂಲು' ಯುರೋಪಿನ ಶಬ್ದ. ಅದು ಕೊಳಲು ಎಂಬ ಅರ್ಥದ ಚೆಕ್ ಭಾಷೆಯ ಪದದಿಂದ ಹುಟ್ಟಿತೆಂಬುದು ಬಹುಜನರ ಮತ. 'ಬಂದೂಕು' ಮಾತ್ರ ಗೋಲಿಯ ಅರ್ಥದ ಅರಬ್ಬೀ ಪದಕ್ಕೆ ಸಂಬಂಧಿಸಿದುದು. ಹೀಗೆ ಮೂರು ಹೆಸರು ನಳಿಗೆಯಿಂದಲೂ ಒಂದು ಗುಂಡಿನಿಂದಲೂ ಬಂದಿವೆ. ನಳಿಗೆಯೂ ಗುಂಡೂ ಎಲ್ಲ ಕಾಲದ ಕೋವಿಗಳಿಗೂ ಸಮಾನ. ಭೇದವಿರುವುದು ಮದ್ದಿಗೆ ಕಿಡಿ ಮುಟ್ಟಿಸುವ ಬಗೆಯಲ್ಲಿ, ಮತ್ತೆ ತುಂಬುವ ಬಗೆಯಲ್ಲಿ. ಅದನ್ನು ಈ ಹೆಸರುಗಳು ಹೇಳುವುದೇ ಇಲ್ಲ. ಶಬ್ದವು ನಿಂತಲ್ಲಿಯೇ ನಿಂತು ವಸ್ತುವು ಬದಲಾಯಿತೆಂಬುದೇ ನಮ್ಮ ಭ್ರಾಂತಿಗೆ ಮೂಲ.

ಸಂಸ್ಕೃತಜ್ಞರು ಇಲ್ಲಿ ಶುಕ್ರನೀತಿಯ ನಾಲಿಕಾಸ್ತ್ರವನ್ನು ನೆನೆಯಬಹುದು. ಅಗ್ನಿಚೂರ್ಣದ ವಿವರವುಳ್ಳ ಆ ಭಾಗವು ಪ್ರಾಚೀನವಲ್ಲ, ಕೋವಿಯನ್ನು ಕಂಡ ಮೇಲೆ ರಚಿತವಾದುದು ಎಂದು ಆಧುನಿಕ ವಿದ್ವಾಂಸರಲ್ಲಿ ಹೆಚ್ಚಿನವರು ನಿರ್ಣಯಿಸಿದ್ದಾರೆ. ಆ ಆಧಾರದಿಂದ ಪುರಾಣಕಾಲದಲ್ಲಿಯೇ ಕೋವಿಯಿತ್ತೆಂದು ಸಾಧಿಸುವುದು ಯುಕ್ತವಲ್ಲ.

ಇನ್ನು ಹಳೆಯ ಕೋವಿಯ ಸ್ವರೂಪ. ಮೊದಲಿನದು ಜಾಮಗಿಯ ಕೋವಿ. ಹೊಗೆಯಾಡುವ ಬತ್ತಿಯಿಂದ ಮದ್ದಿಗೆ ಬೆಂಕಿ. ಎರಡನೆಯದು ಚಕಮಕಿ ಕಲ್ಲಿನದು. ಕಲ್ಲು ಉಕ್ಕಿಗೆ ತಾಗಿ ಕಿಡಿ. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ, ಹುಲಿಯ ಪಟ್ಟೆಗಳಿಂದ ಅಲಂಕೃತವಾದ ಪಿಸ್ತೂಲುಗಳು ಈ ಎರಡನೆಯ ಜಾತಿಗೆ ಸೇರಿದವು. ಮೂರನೆಯದು ಕೇಪಿನ ಕೋವಿ. ಪೆಟ್ಟು ಬಿದ್ದೊಡನೆ ಸಿಡಿಯುವ ಪುಟ್ಟ ತಾಮ್ರದ ಟೊಪ್ಪಿಗೆಯೇ ಇದರಲ್ಲಿ ಕಿಡಿ. ಈ ಮೂರನ್ನೂ ಸಾಮಾನ್ಯವಾಗಿ ನಳಿಗೆಯ ಬಾಯಿಂದಲೇ ತುಂಬಬೇಕು. ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ತುರುಕಿ, ಕಿಡಿಯ ಸ್ಥಾನವನ್ನು ಸಿದ್ಧಪಡಿಸಬೇಕು. ನುರಿತ ಸಿಪಾಯಿಯೂ ಚಕಮಕಿ ಬಂದೂಕನ್ನು ನಿಮಿಷಕ್ಕೆ ಎರಡು ಮೂರು ಸಲ ಹಾರಿಸುತ್ತಿದ್ದನು. ಅಂದಿನ ಪಿಸ್ತೂಲು ಸಾಮಾನ್ಯವಾಗಿ ಒಂದೇ ಗುಂಡಿನದು. ಹಾರಿಸಿದ ಬಳಿಕ ಕೈಯಲ್ಲಿ ಉಳಿಯುವುದು ಕಬ್ಬಿಣದ ತುಂಡು ಮಾತ್ರ.

ಈಗಿನ ಪಿಸ್ತೂಲಿನ ಅವಯವಗಳು ಬೇರೆ. ಮದ್ದು, ಗುಂಡು, ಕೇಪು ಮೂರೂ ಒಂದೇ ಹಿತ್ತಾಳೆಯ ಕೋಶದಲ್ಲಿ ಅಡಕವಾಗಿರುವ ತೋಟಾ ಅದರ ಆಹಾರ. ಮುಖ್ಯಾಂಗಗಳು ಐದು: ಹಿಡಿಯೊಡಗೂಡಿದ ಚೌಕಟ್ಟು, ನಳಿಗೆ, ಅದನ್ನು ಮೇಲಿನಿಂದ ಆವರಿಸಿ ಹಿಂದೆಮುಂದೆ ಜಾರುವ ಸ್ಲೈಡು, ಸ್ಲೈಡನ್ನು ಮುಂದಕ್ಕೆ ತಳ್ಳುವ ಸುರುಳಿ, ಹಿಡಿಯೊಳಗೆ ಸೇರಿಸತಕ್ಕ ತೋಟಾಗಳ ಡಬ್ಬಿ. ಈ ಡಬ್ಬಿಗೆ ಮ್ಯಾಗಜಿನ್ ಎಂಬ ಹೆಸರೇ ರೂಢಿಯಾಗಿದೆ. ಬೆರಳಿನಿಂದ ಎಳೆಯುವ ಅಂಗಕ್ಕೆ ನಮ್ಮವರು ಕುದುರೆ ಎನ್ನುತ್ತಾರೆ.

ಇದರ ಕ್ರಿಯಾಕ್ರಮವು ಹೀಗೆ. ಕುದುರೆಯನ್ನು ಎಳೆದೊಡನೆ ಹಿಂದಿನ ಸುತ್ತಿಗೆಯು ಬಿಡುಗಡೆಯಾಗಿ, ಅದರ ಪೆಟ್ಟಿನಿಂದ ಮೊಳೆಯೊಂದು ಕೇಪಿಗೆ ತಾಗುತ್ತದೆ; ಮದ್ದು ಉರಿದು ಗುಂಡು ಮುಂದಕ್ಕೆ ಚಿಮ್ಮುತ್ತದೆ. ಅದೇ ವೇಗದ ಪ್ರತಿಕ್ರಿಯೆಯಿಂದ ಸ್ಲೈಡೂ ನಳಿಗೆಯೂ ಕೂಡಿಕೊಂಡು ಸ್ವಲ್ಪ ಹಿಂದೆ ಸರಿಯುತ್ತವೆ. ಬಳಿಕ ನಳಿಗೆಯು ಕೆಳಗೆ ಬಾಗಿ ಬೇರ್ಪಟ್ಟು ನಿಲ್ಲುತ್ತದೆ. ಸ್ಲೈಡು ಒಂದೇ ಹಿಂದಕ್ಕೆ ಹೋಗಿ ಬರಿದಾದ ಕೋಶವನ್ನು ಹೊರಕ್ಕೆಸೆದು ಸುತ್ತಿಗೆಯನ್ನು ಮತ್ತೆ ಎತ್ತುತ್ತದೆ. ಆಗ ಸುರುಳಿಯು ಸ್ಲೈಡನ್ನು ಮುಂದಕ್ಕೆ ತಳ್ಳಲು, ಅದು ಡಬ್ಬಿಯಿಂದ ಹೊಸ ತೋಟಾವನ್ನು ನಳಿಗೆಗೆ ಸೇರಿಸುತ್ತದೆ. ಹಾರಿದ ಗುಂಡಿನ ಬಲವೇ ಮುಂದಿನ ಗುಂಡನ್ನು ಸಿದ್ಧಪಡಿಸುತ್ತದೆಂಬುದೇ ಇದರ ಅಸಾಧಾರಣ ಧರ್ಮವು. ಆದರೂ ಒಂದು ಎಳೆತಕ್ಕೆ ಒಂದೇ ಗುಂಡು ಹಾರುವುದರಿಂದ ಇದನ್ನು ಅರ್ಧಸ್ವಯಂಚಾಲಿತವೆನ್ನುವರು. ತಿರುಗುವ ಉರುಳೆಯಲ್ಲಿ ತೋಟಾಗಳಿರುವ ರಿವಾಲ್ವರು ಬೇರೊಂದು ಜಾತಿ.

ಜಾನ್ ಬ್ರೌನಿಂಗನು ರೂಪಿಸಿ 1911ರಲ್ಲಿ ಅಮೆರಿಕದ ಸೈನ್ಯವು ಅಂಗೀಕರಿಸಿದ ಪಿಸ್ತೂಲು ಪೂರ್ಣಪ್ರಮಾಣದ್ದಕ್ಕೆ ಪ್ರಸಿದ್ಧ ಉದಾಹರಣೆ. ಅದರ ನಳಿಗೆಯ ಉದ್ದ 5 ಅಂಗುಲ, ತೂಕ ಸುಮಾರು 1.1 ಕಿಲೋಗ್ರಾಂ, ಡಬ್ಬಿಯಲ್ಲಿ 7 ತೋಟಾ. ಉದ್ದವು ಹೆಚ್ಚಿದಷ್ಟು ಗುರಿಯ ಮೊನೆಗಳ ಅಂತರವು ಹೆಚ್ಚಿ ನೋಟವು ಸ್ಥಿರವಾಗುತ್ತದೆ. ತೂಕವು ಹೆಚ್ಚಿದಷ್ಟು ಕೈಗೆ ಬೀಳುವ ಒದೆತವು ಕಡಿಮೆ. ಹೊರುವುದೂ ಮರೆಸಿಡುವುದೂ ಕಷ್ಟವೆಂಬುದೇ ಅದರ ದೋಷ.

ದ್ರವ್ಯದ ವಿಷಯದಲ್ಲಿಯೂ ಶಬ್ದವು ನಮ್ಮನ್ನು ಮೋಸಗೊಳಿಸುತ್ತದೆ. ಗಂಗಾವತಿಯ ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳು ಸಾಕ್ಷಿಯಾಗಿರುವಂತೆ ಈ ಸೀಮೆಗೆ ಕಬ್ಬಿಣಯುಗದ ಪರಂಪರೆಯುಂಟು. ಯುರೋಪಿನವರು ಬಳಸಿದ 'ವೂಟ್ಸ್' ಎಂಬ ಹೆಸರು ಕನ್ನಡದ 'ಉಕ್ಕು' ಶಬ್ದದಿಂದಲೇ ಹೋಯಿತೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಆ ಹಳೆಯ ಉಕ್ಕಿನ ಗುಣವು ಇಂಗಾಲದಿಂದ ಬಂದುದು. ಅದು ತುಕ್ಕು ಹಿಡಿಯುತ್ತಿತ್ತು. ಈಗಿನ ಸ್ಟೇನ್‌ಲೆಸ್ ಉಕ್ಕಿನಲ್ಲಿ ನೂರಕ್ಕೆ ಹತ್ತೂವರೆ ಭಾಗಕ್ಕೆ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಇರುತ್ತದೆ. ಗಾಳಿಯ ಸಂಪರ್ಕದಿಂದ ಮೇಲೆ ಅತಿ ತೆಳುವಾದ ಪೊರೆಯುಂಟಾಗಿ ಒಳಗಿನದನ್ನು ಕಾಯುತ್ತದೆ. ಶೆಫೀಲ್ಡಿನ ಹ್ಯಾರಿ ಬ್ರೆಯರ್ಲಿಯು 1913ರಲ್ಲಿ ಅಂತಹ ಉಕ್ಕನ್ನು ತಯಾರಿಸಿದನು. ಅರ್ಧಸ್ವಯಂಚಾಲಿತ ಪಿಸ್ತೂಲುಗಳಲ್ಲಿ ಅದು ಬಳಕೆಗೆ ಬಂದುದು 1970ರ ದಶಕದಲ್ಲಿ. ಇಷ್ಟು ತಡವಾಗಲು ಒಂದು ಕಾರಣವುಂಟು: ಈ ಉಕ್ಕು ತನ್ನದೇ ಜಾತಿಯ ಉಕ್ಕಿನ ಮೇಲೆ ಜಾರುವಾಗ ಪರಸ್ಪರ ಕಚ್ಚಿಕೊಳ್ಳುವ ಸ್ವಭಾವದ್ದು. ಸ್ಲೈಡಿಗೂ ಚೌಕಟ್ಟಿಗೂ ಬೇರೆಬೇರೆ ಮಿಶ್ರಣವನ್ನೂ ಕಾಠಿಣ್ಯವನ್ನೂ ಕೊಟ್ಟು ಈ ದೋಷವನ್ನು ನೀಗಿಸಿದರು. ಬೆವರಿಗೂ ಉಪ್ಪಿಗೂ ಇದು ಸಂಪೂರ್ಣ ಅಭೇದ್ಯವಲ್ಲ. ಎಣ್ಣೆಯ ಆರೈಕೆ ಇದಕ್ಕೂ ಬೇಕು.

ಈಗ ಪ್ರಕೃತಕ್ಕೆ ಬರೋಣ. 1786ರಲ್ಲಿ ಟಿಪ್ಪುವು ಕೊಪ್ಪಳದ ಕೋಟೆಯನ್ನು ವಶಪಡಿಸಿಕೊಂಡು ಫ್ರೆಂಚ್ ಇಂಜಿನಿಯರುಗಳಿಂದ ಬಲಪಡಿಸಿದನು. 1790ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಸೈನ್ಯಗಳು ಅದನ್ನು ಮುತ್ತಿದಾಗ ಅದು ಮರುವರ್ಷದವರೆಗೂ ಶರಣಾಗಲಿಲ್ಲ. 1858ರ ಮೇ ತಿಂಗಳಲ್ಲಿ, ಹಮ್ಮಿಗಿಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಸರ್ಕಾರದವರ ಕಣ್ಣಿಗೆ ಬೀಳಲು, ಮುಂಡರಗಿಯ ಭೀಮರಾಯನು ಬಂಡೆದ್ದು ಇದೇ ಕೋಟೆಯನ್ನು ಹಿಡಿದನು. ಬಾಯಿಂದ ತುಂಬುವ ಕೋವಿಯವನಿಗೆ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಮರೆಯು ಅವಶ್ಯ. ಗೋಡೆಯು ಅವನಿಗೆ ಆ ಬಿಡುವನ್ನು ಕೊಡುತ್ತದೆ. ಭೀಮರಾಯನು ಬಯಲನ್ನು ಬಿಟ್ಟು ಕೋಟೆಯನ್ನು ಆರಿಸಿದುದರ ಅರ್ಥವು ಇದರಿಂದ ವಿಶದವಾಗುತ್ತದೆ. ಗೋಡೆಯೊಳಕ್ಕೆ ಶತ್ರು ನುಗ್ಗಿದ ಮೇಲೆ ಮರುಗುಂಡಿಗೆ ಅವಕಾಶವೆಲ್ಲಿ? ಕೋಟೆ ಬಿದ್ದಿತು, ಭೀಮರಾಯನೂ ಅನೇಕ ಸಂಗಡಿಗರೂ ಮಡಿದರು.

ಫ್ಲೀಟರು ಸಂಗ್ರಹಿಸಿದ ಲಾವಣಿಗಳಲ್ಲೊಂದಕ್ಕೆ ವಸ್ತುವಾದ ಹಲಗಲಿಯ ಬೇಡರ ದಂಗೆಗೆ ಕಾರಣವು 1857ರ ನಿರಾಯುಧೀಕರಣದ ಕಾಯಿದೆ. ಬೇಟೆಯೇ ಬಾಳಾಗಿದ್ದವರಿಗೆ ಆಯುಧವು ಅಲಂಕಾರವಲ್ಲ, ಅನ್ನ. ಕುಲದ ಮಾನವೂ ಅದೇ. ಪ್ರೌಢಶಾಲೆಯ ಪಾಠವಾಗಿಯೂ ಬಂದಿರುವ ಆ ಲಾವಣಿಯನ್ನು ಬೋಧಿಸುವವರು ಹೊಳೆಯುವ ಪಿಸ್ತೂಲಿನ ಚಿತ್ರವನ್ನು ಮಕ್ಕಳ ಮನಸ್ಸಿನಿಂದ ಮೊದಲು ತೆಗೆಯಬೇಕು.

ಆದುದರಿಂದ ಗ್ರಂಥದಲ್ಲಿ ಕೋವಿಯ ಹೆಸರು ಬಂದಲ್ಲೆಲ್ಲ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಕಿಡಿ ಎಲ್ಲಿಂದ? ತುಂಬುವುದು ಎಲ್ಲಿಂದ? ಮತ್ತೆ ತುಂಬದೆ ಎಷ್ಟು ಗುಂಡು? ಇವುಗಳ ಉತ್ತರವನ್ನು ಕಾಲಾನುಸಾರವಾಗಿ ತಿಳಿದವರಿಗೆ, ಒಂದೇ ಗುಂಡಿನ ಆಯುಧವನ್ನು ಹಿಡಿದು ಸೈನ್ಯಕ್ಕೆ ಎದುರು ನಿಂತವರ ಧೈರ್ಯವು ಎಷ್ಟರದೆಂಬುದು ತಾನಾಗಿಯೇ ತಿಳಿಯುತ್ತದೆ.