ಚಳಿಗಾಲದ ಒಣ ಚರ್ಮ, ಬಿರಿದ ಹಿಮ್ಮಡಿ, ತುಂಡಾಗುವ ಕೂದಲು: ಮನೆಯಲ್ಲೇ ಆರೈಕೆ

ದೀಪಾವಳಿ ಕಳೆದು ಮೂಡಣ ಗಾಳಿ ಬೀಸತೊಡಗಿದರೆ ಬಯಲುಸೀಮೆಯ ಹಳ್ಳಿಗಳಲ್ಲಿ ಮೂರು ತೊಂದರೆಗಳು ಒಟ್ಟಿಗೆ ತಲೆದೋರುತ್ತವೆ. ಕೈಕಾಲುಗಳ ಚರ್ಮ ಬೂದಿ ಬಳಿದಂತೆ ಬೆಳ್ಳಗಾಗಿ ತುರಿಸುತ್ತದೆ. ಹಿಮ್ಮಡಿ ಬಿರಿದು ಹೆಜ್ಜೆ ಊರಲು ಆಗುವುದಿಲ್ಲ. ತಲೆ ಬಾಚಿದರೆ ಕೂದಲು ಬುಡದಿಂದ ಬಾರದೆ ನಡುವೆಯೇ ತುಂಡಾಗುತ್ತದೆ. ಹತ್ತಿ ಬಿಡಿಸುವುದು, ತೊಗರಿ ಕೊಯ್ಯುವುದು, ರಾಗಿ ಒಕ್ಕುವುದು, ಕಡಲೆಯ ಕುಡಿ ಚಿವುಟುವುದು ಇವೆಲ್ಲ ಬರುವುದೂ ಇದೇ ದಿನಗಳಲ್ಲಿ. ಕಡಲೆ ಗಿಡ ಸೂಸುವ ಹುಳಿಯಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಿರುತ್ತವೆ. ಬಿರಿದ ಬೆರಳಿಗೆ ಅದು ತಾಗಿದಾಗ ಆಗುವ ಉರಿ ಕಡಲೆ ಹೊಲದಲ್ಲಿ ದುಡಿದ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು.

ಇದನ್ನು ಅಂದಚಂದದ ವಿಷಯವೆಂದು ಕಡೆಗಣಿಸುವವರೇ ಹೆಚ್ಚು. ಇದು ಸರಿಯಲ್ಲ. ಬಿರಿದ ಚರ್ಮ ತೆರೆದ ಬಾಗಿಲಿದ್ದಂತೆ. ಕೀವು ಉಂಟುಮಾಡುವ ರೋಗಾಣುಗಳೂ, ಮಣ್ಣು ಮತ್ತು ಸಗಣಿಯಲ್ಲಿರುವ ಧನುರ್ವಾಯುವಿನ ರೋಗಾಣುಗಳೂ ಇದರ ಮೂಲಕ ಒಳಸೇರಬಹುದು. ಸಿಂಪಡಿಸುವ ಕೀಟನಾಶಕ ಕೂಡ ಗಟ್ಟಿ ಚರ್ಮಕ್ಕಿಂತ ಬಿರಿದ ಚರ್ಮದ ಮೂಲಕ ಬೇಗನೆ ದೇಹವನ್ನು ಸೇರುತ್ತದೆ. ಆದುದರಿಂದ ಚರ್ಮದ ಆರೈಕೆ ದುಡಿಯುವ ದೇಹದ ರಕ್ಷಣೆಯ ಒಂದು ಭಾಗ. ಇದಕ್ಕೆ ಬೇಕಾದ ಸಾಮಗ್ರಿಗಳು ಹೆಚ್ಚಾಗಿ ಅಡುಗೆಮನೆಯಲ್ಲೇ ದೊರೆಯುತ್ತವೆ.

ಚರ್ಮ ಒಣಗುವುದೇಕೆ?

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸಬಹುದು. ಸತ್ತ ಜೀವಕೋಶಗಳು ಇಟ್ಟಿಗೆಗಳು. ಅವುಗಳ ನಡುವಿನ ಜಿಡ್ಡು ಗಾರೆ. ಒಳಗಿನ ನೀರು ಆರಿಹೋಗದಂತೆ ಈ ಗಾರೆ ತಡೆಯುತ್ತದೆ. ಚಳಿಗಾಲದ ಒಣಹವೆ ಚರ್ಮದ ನೀರನ್ನು ಹೀರುತ್ತದೆ. ಸುಡುನೀರು ಮತ್ತು ಖಾರವಾದ ಸಾಬೂನು ಗಾರೆಯನ್ನೇ ತೊಳೆದು ಹಾಕುತ್ತವೆ. ಚರ್ಮ ಸಹಜವಾಗಿ ಸ್ವಲ್ಪ ಹುಳಿ ಗುಣದ್ದು; ಅದರ ರಸಸಾರ ಸುಮಾರು 5. ಸಾಬೂನಿನ ರಸಸಾರ 9 ರಿಂದ 10. ಬಟ್ಟೆ ಸೋಡಾ, ಸುಣ್ಣ, ಹಸಿ ಸಿಮೆಂಟು ಇನ್ನೂ ತೀಕ್ಷ್ಣ ಕ್ಷಾರಗಳು. ವಯಸ್ಸಾದಂತೆ ಚರ್ಮದಲ್ಲಿ ಜಿಡ್ಡು ಊರುವುದು ಕಡಿಮೆಯಾಗುವುದರಿಂದ ಹಿರಿಯರಿಗೆ ಈ ತೊಂದರೆ ಹೆಚ್ಚು.

ಇಲ್ಲಿ ಮುಖ್ಯವಾದ ಒಂದು ಮಾತನ್ನು ನೆನಪಿಡಬೇಕು. ಒಣಗಿದ ಚರ್ಮಕ್ಕೆ ಮೊದಲು ಬೇಕಾದುದು ನೀರು. ಎಣ್ಣೆ ಆ ನೀರನ್ನು ಹಿಡಿದಿಡುವ ಹೊದಿಕೆ ಮಾತ್ರ. ಮಳೆ ಬಿದ್ದ ಹೊಲದಲ್ಲಿ ಹಸಿ ಆರುವ ಮುನ್ನ ಎಡೆ ಹೊಡೆದು ತೇವ ಉಳಿಸಿಕೊಳ್ಳುವುದನ್ನು ರೈತರು ಬಲ್ಲರು. ಒಣಗಿ ಬಿರುಕು ಬಿಟ್ಟ ನೆಲಕ್ಕೆ ಹೊದಿಕೆ ಹಾಕಿದರೆ ಪ್ರಯೋಜನ ಕಡಿಮೆ. ಚರ್ಮಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಸ್ನಾನದಲ್ಲಿ ಅನುಸರಿಸಬೇಕಾದ ಕ್ರಮ

1. ಹಂಡೆಯ ಸುಡುನೀರನ್ನು ಹಾಗೆಯೇ ಹುಯ್ದುಕೊಳ್ಳಬಾರದು. ಉಗುರು ಬೆಚ್ಚಗಿನ ನೀರಿನಲ್ಲಿ 5 ರಿಂದ 10 ನಿಮಿಷಗಳಲ್ಲಿ ಸ್ನಾನ ಮುಗಿಸಬೇಕು.

2. ಬಟ್ಟೆ ಸಾಬೂನನ್ನು ಮೈಗೆ ಬಳಸಬಾರದು. ಮೈ ಸಾಬೂನಿನ ಹೊದಿಕೆಯ ಮೇಲೆ ‘ಟಿ.ಎಫ್.ಎಂ.’ ಎಂಬ ಅಂಕಿ ಇರುತ್ತದೆ. ಇದು ಒಟ್ಟು ಕೊಬ್ಬಿನ ಅಂಶದ ಅಳತೆ. ಮೊದಲ ದರ್ಜೆಯ ಸಾಬೂನಿನಲ್ಲಿ ಇದು ಶೇ. 76ಕ್ಕೆ ಕಡಿಮೆ ಇರಬಾರದು. ಕಂಕುಳು, ತೊಡೆಸಂದು, ಪಾದಗಳಿಗೆ ಮತ್ತು ಕೊಳೆಯಾದ ಜಾಗಗಳಿಗೆ ಸಾಬೂನು ಸಾಕು. ಉಳಿದ ಕಡೆಗೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟನ್ನು ಮೃದುವಾಗಿ ಹಚ್ಚಿ ತೊಳೆಯಬಹುದು.

3. ತೆಂಗಿನ ನಾರು, ಒರಟು ಕಲ್ಲುಗಳಿಂದ ಮೈ ಉಜ್ಜಬಾರದು.

4. ಸ್ನಾನದ ನಂತರ ಮೈಯನ್ನು ಬಟ್ಟೆಯಿಂದ ಒತ್ತಿ ಒರೆಸಿಕೊಂಡು, ಚರ್ಮದಲ್ಲಿ ಇನ್ನೂ ಪಸೆಯಿರುವಾಗ, 3 ನಿಮಿಷದೊಳಗೆ, ತೆಳುವಾಗಿ ಎಣ್ಣೆ ಹಚ್ಚಬೇಕು. ಒಬ್ಬರಿಗೆ ಎರಡು ಚಹ ಚಮಚ ಸಾಕು. ಕೊಬ್ಬರಿ, ಎಳ್ಳು, ಕುಸುಬೆ ಎಣ್ಣೆಗಳಲ್ಲಿ ಮನೆಯಲ್ಲಿದ್ದುದನ್ನು ಬಳಸಬಹುದು.

ಹಬ್ಬದ ಎಣ್ಣೆಸ್ನಾನ ಒಳ್ಳೆಯ ಪದ್ಧತಿಯೇ. ಆದರೆ ಸ್ನಾನಕ್ಕೆ ಮೊದಲು ಹಚ್ಚಿದ ಎಣ್ಣೆಯನ್ನೆಲ್ಲ ಸೀಗೆಪುಡಿಯಿಂದ ತಿಕ್ಕಿ ತೆಗೆದರೆ ಚರ್ಮಕ್ಕೆ ಉಳಿಯುವುದು ಸ್ವಲ್ಪವೇ. ಆದುದರಿಂದ ಸ್ನಾನದ ನಂತರದ ತೆಳು ಲೇಪವನ್ನು ಮರೆಯಬಾರದು. ಗ್ಲಿಸರಿನ್ ಬಳಸುವವರು ಅದಕ್ಕೆ ಎರಡು ಪಾಲು ಕುದಿಸಿ ಆರಿಸಿದ ನೀರು ಬೆರೆಸಿ ಹಚ್ಚಬೇಕು. ಈ ಮಿಶ್ರಣವನ್ನು ಆಗಾಗ್ಗೆ ಹೊಸದಾಗಿ ಮಾಡಿಕೊಳ್ಳುವುದು ಮೇಲು.

ಪಾತ್ರೆ ತಿಕ್ಕುವ, ಬಟ್ಟೆ ಒಗೆಯುವ, ಸಗಣಿ ಸಾರಿಸುವ ಕೈಗಳಿಗೂ ಇದೇ ಆರೈಕೆ ಬೇಕು. ಕೆಲಸ ಮುಗಿದೊಡನೆ ಕೈ ತೊಳೆದು, ಪಸೆ ಇರುವಾಗಲೇ ನಾಲ್ಕು ಹನಿ ಎಣ್ಣೆ ಸವರಬೇಕು. ಕೈಯಲ್ಲಿ ಬಿರುಕು ಇರುವಷ್ಟು ದಿನ ಸಗಣಿ ಸಾರಿಸುವ ಕೆಲಸವನ್ನು ಮನೆಯ ಬೇರೆಯವರು ವಹಿಸಿಕೊಳ್ಳಬೇಕು. ಕೈಯಲ್ಲಿ ಬಿರುಕು ಇರುವವರು ಕೀಟನಾಶಕ ಬೆರೆಸುವ ಮತ್ತು ಸಿಂಪಡಿಸುವ ಕೆಲಸ ಮಾಡಬಾರದು.

ಬಿರಿದ ಹಿಮ್ಮಡಿ

ಅಂಗೈ ಮತ್ತು ಅಂಗಾಲುಗಳಲ್ಲಿ ಬೆವರಿನ ಗ್ರಂಥಿಗಳಿವೆ, ಜಿಡ್ಡಿನ ಗ್ರಂಥಿಗಳಿಲ್ಲ. ಆದುದರಿಂದ ಮೈಯೆಲ್ಲ ಚೆನ್ನಾಗಿರುವವರಿಗೂ ಹಿಮ್ಮಡಿ ಬಿರಿಯುತ್ತದೆ. ಬರಿಗಾಲಿನಲ್ಲಿ ದುಡಿಯುವುದರಿಂದ ಅಲ್ಲಿಯ ಚರ್ಮ ದಪ್ಪಗಾಗುತ್ತದೆ. ಒಣಗಿದ ದಪ್ಪ ಚರ್ಮಕ್ಕೆ ಬಳುಕುವ ಗುಣವಿಲ್ಲ. ದೇಹದ ಭಾರ ಬಿದ್ದಾಗ ಅದು ಸೀಳುತ್ತದೆ. ಹಿಂಬದಿ ತೆರೆದ ಚಪ್ಪಲಿಯಲ್ಲಿ ಹಿಮ್ಮಡಿ ಪಕ್ಕಕ್ಕೆ ಹರಡುವುದರಿಂದ ಸೀಳು ಇನ್ನೂ ಹೆಚ್ಚುತ್ತದೆ.

ಮನೆಯಲ್ಲಿ ಒಂದು ಒಳ್ಳೆಯ ಮುಲಾಮು ತಯಾರಿಸಿಕೊಳ್ಳಬಹುದು.

ಬೇಕಾಗುವ ಸಾಮಗ್ರಿ: ಶುದ್ಧ ಜೇನುಮೇಣ 20 ಗ್ರಾಂ, ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ 100 ಮಿ.ಲೀ.

ತಯಾರಿಸುವ ವಿಧಾನ: ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಬೇಕು. ಅದರೊಳಗೆ ಎಣ್ಣೆ ಮತ್ತು ತುರಿದ ಮೇಣವಿರುವ ಚಿಕ್ಕ ಪಾತ್ರೆಯನ್ನು ಇಡಬೇಕು. ಮೇಣ ಸುಮಾರು 62 ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಪೂರ್ತಿ ಕರಗಿದ ಮೇಲೆ ಕೆಳಗಿಳಿಸಿ, ಒಣಗಿದ ಅಗಲ ಬಾಯಿಯ ಡಬ್ಬಿಗೆ ಸೋಸಿ, ಗಟ್ಟಿಯಾಗುವವರೆಗೆ ಕದಲಿಸದೆ ಇಡಬೇಕು. ನೇರವಾಗಿ ಉರಿಯ ಮೇಲೆ ಇಟ್ಟರೆ ಹೊತ್ತಿಕೊಳ್ಳುವ ಅಪಾಯವಿದೆ. ಒದ್ದೆ ಬೆರಳನ್ನು ಡಬ್ಬಿಯಲ್ಲಿ ಅದ್ದಬಾರದು.

ಬಳಸುವ ವಿಧಾನ: ರಾತ್ರಿ ಮಲಗುವ ಮುನ್ನ ಪಾದಗಳನ್ನು ಉಗುರು ಬೆಚ್ಚಗಿನ ನೀರಿನಲ್ಲಿ 15 ನಿಮಿಷ ನೆನೆಸಬೇಕು. ಮೆದುವಾದ ದಪ್ಪ ಚರ್ಮವನ್ನು ನಯವಾದ ಕಲ್ಲಿನಿಂದ ಹಗುರವಾಗಿ ಉಜ್ಜಬೇಕು. ಬ್ಲೇಡು, ಕುಡುಗೋಲಿನ ತುದಿಯಿಂದ ಹೆರೆಯಬಾರದು. ಒರೆಸಿ, ಪಸೆ ಇರುವಾಗಲೇ ಮುಲಾಮು ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಳ್ಳಬೇಕು. ಮುಲಾಮು ಹಚ್ಚಿದ ಕಾಲು ಗಾರೆ ನೆಲದ ಮೇಲೆ ಜಾರುತ್ತದೆ. ವಯಸ್ಸಾದವರು ಎಚ್ಚರದಿಂದಿರಬೇಕು. ಬೆರಳುಗಳ ಸಂದಿಗೆ ಹಚ್ಚಬಾರದು; ಅಲ್ಲಿ ತೇವ ನಿಂತರೆ ಶಿಲೀಂಧ್ರ ಬೆಳೆಯುತ್ತದೆ. ಹಗಲಲ್ಲಿ ಹಿಮ್ಮಡಿ ಮುಚ್ಚುವ ಪಾದರಕ್ಷೆ ಧರಿಸಬೇಕು. ಚರ್ಮದ ಹೊರಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಆದುದರಿಂದ ನಾಲ್ಕು ದಿನ ಹಚ್ಚಿ ಗುಣವಿಲ್ಲವೆಂದು ಬಿಡಬಾರದು.

ಔಷಧಿ ಅಂಗಡಿಯಲ್ಲಿ ಯೂರಿಯಾ ಸೇರಿದ ಮುಲಾಮು ದೊರೆಯುತ್ತದೆ. ಯೂರಿಯಾಕ್ಕೆ ನೀರನ್ನು ಹಿಡಿದಿಡುವ ಮತ್ತು ದಪ್ಪ ಚರ್ಮವನ್ನು ಮೆದುಗೊಳಿಸುವ ಗುಣವಿದೆ. ಹಾಗೆಂದು ಹೊಲಕ್ಕೆ ಹಾಕುವ ಯೂರಿಯಾವನ್ನು ಕರಗಿಸಿ ಹಚ್ಚುವುದು ಸಲ್ಲದು. ಅದು ಔಷಧಿಯಷ್ಟು ಶುದ್ಧವಲ್ಲ. 2015ರಿಂದ ಅದಕ್ಕೆ ಬೇವಿನ ಲೇಪ ಕಡ್ಡಾಯವಾಗಿದೆ.

ತುಂಡಾಗುವ ಕೂದಲು

ಕೂದಲಿನ ಜೀವ ಇರುವುದು ಬುಡದಲ್ಲಿ ಮಾತ್ರ. ಹೊರಗೆ ಕಾಣುವ ಎಳೆ ನಿರ್ಜೀವವಾದುದು. ಅದರ ಮೇಲ್ಮೈಯಲ್ಲಿ ಮನೆಯ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಸಣ್ಣ ಪೊರೆಗಳಿವೆ. ಬಿಸಿಲು, ಧೂಳು, ಕ್ಷಾರದ ನೀರು, ಒರಟು ಬಾಚಣಿಗೆಗಳಿಂದ ಈ ಹೆಂಚುಗಳು ಎದ್ದರೆ ಒಳಗಿನ ಎಳೆ ಒಣಗಿ ತುಂಡಾಗುತ್ತದೆ. ಒಮ್ಮೆ ಸೀಳಿದ ತುದಿ ಮತ್ತೆ ಕೂಡುವುದಿಲ್ಲ. ಅದನ್ನು ಕತ್ತರಿಸಿ, ಹೊಸ ಕೂದಲನ್ನು ಕಾಪಾಡಿಕೊಳ್ಳುವುದೇ ಉಪಾಯ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ದಿನಕ್ಕೆ 50 ರಿಂದ 100 ಕೂದಲು ಬುಡಸಮೇತ ಉದುರುವುದು ಸಹಜ. ಅದಕ್ಕೆ ಗಾಬರಿ ಬೇಡ.

ಕೊಬ್ಬರಿ ಎಣ್ಣೆಯನ್ನು ತಲೆಸ್ನಾನದ ಹಿಂದಿನ ರಾತ್ರಿ ಅಥವಾ ಒಂದೆರಡು ಗಂಟೆ ಮೊದಲು ಎಳೆಗಳಿಗೆ, ಮುಖ್ಯವಾಗಿ ತುದಿಗಳಿಗೆ, ಹಚ್ಚಬೇಕು. ಇದರಲ್ಲಿರುವ ಲಾರಿಕ್ ಆಮ್ಲ ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ. ಸೂರ್ಯಕಾಂತಿ ಎಣ್ಣೆಗೆ ಮತ್ತು ಖನಿಜ ಎಣ್ಣೆಗೆ ಈ ಗುಣವಿಲ್ಲ. ಹರಳೆಣ್ಣೆ ತೀರ ಮಂದವಾದುದರಿಂದ ಒಂದು ಪಾಲಿಗೆ ಮೂರು ಪಾಲು ಕೊಬ್ಬರಿ ಎಣ್ಣೆ ಬೆರೆಸಿ ಹಚ್ಚುವುದು ಒಳ್ಳೆಯದು.

ವಾರಕ್ಕೆ ಒಂದೆರಡು ಬಾರಿ ತಲೆ ತೊಳೆದರೆ ಸಾಕು. ಸೀಗೆಪುಡಿಯನ್ನು ವಸ್ತ್ರಗಾಳಿತ ಮಾಡಿ, ದಾಸವಾಳದ ಸೊಪ್ಪಿನ ಲೋಳೆ ಅಥವಾ ನೆನೆಸಿ ರುಬ್ಬಿದ ಮೆಂತ್ಯದೊಡನೆ ಕಲಸಿ ಬಳಸಿದರೆ ಕೂದಲು ನುಣುಪಾಗುತ್ತದೆ. ಕಣ್ಣಿಗೆ ಬೀಳದಂತೆ ಎಚ್ಚರ ವಹಿಸಬೇಕು. ಕೊಳವೆ ಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆ ಬಾರದೆ ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಇಂಥ ಕಡೆ ಸಂಗ್ರಹಿಸಿದ ಮಳೆನೀರನ್ನು ತಲೆಸ್ನಾನಕ್ಕೆ ಮೀಸಲಿಡಬಹುದು. ಇಲ್ಲವಾದರೆ ಒಂದು ಚೊಂಬು ನೀರಿಗೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿ ಕಡೆಯದಾಗಿ ಹುಯ್ದು, ಬಳಿಕ ಬರಿ ನೀರಿನಿಂದ ತೊಳೆಯಬೇಕು.

ಒದ್ದೆ ಕೂದಲನ್ನು ಬಾಚಬಾರದು. ಸಿಕ್ಕನ್ನು ತುದಿಯಿಂದ ಮೇಲಕ್ಕೆ, ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಬೇಕು. ಒಕ್ಕಣೆ ಮತ್ತು ಹತ್ತಿ ಬಿಡಿಸುವ ಕೆಲಸದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಹೇನಿಗೆಂದು ಸೀಮೆಎಣ್ಣೆ ಅಥವಾ ಹೊಲದ ಕೀಟನಾಶಕವನ್ನು ತಲೆಗೆ ಹಚ್ಚುವುದು ಪ್ರಾಣಾಪಾಯಕರ. ನೆತ್ತಿಯ ಚರ್ಮ ವಿಷವನ್ನು ಬೇಗ ಹೀರುತ್ತದೆ. ಹೇನಿಗೆ ಶೇ. 1ರ ಪರ್ಮೆಥ್ರಿನ್ ದ್ರಾವಣ ಔಷಧಿ ಅಂಗಡಿಯಲ್ಲಿ ದೊರೆಯುತ್ತದೆ.

ಒಳಗಿನ ಪೋಷಣೆ

ಕೂದಲು ಪ್ರೋಟೀನಿನಿಂದ ಆದುದು. ಊಟದಲ್ಲಿ ಬೇಳೆ, ಕಾಳು, ಹಾಲು, ಶೇಂಗಾ, ಒಗ್ಗುವವರಿಗೆ ಮೊಟ್ಟೆ, ಮೀನು ಇರಬೇಕು. ರಕ್ತಹೀನತೆಯಿಂದ ಕೂದಲು ಉದುರುತ್ತದೆ. ನುಗ್ಗೆ, ದಂಟು, ಮೆಂತ್ಯದ ಸೊಪ್ಪುಗಳಿಗೆ ನಿಂಬೆರಸ ಸೇರಿಸಿದರೆ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಚಹ ಕುಡಿದರೆ ಹತ್ತುವುದು ಕಡಿಮೆ. ಮಕ್ಕಳ ಮೊಣಕೈ, ಮೊಣಕಾಲುಗಳ ಮೇಲೆ ಕಪ್ಪೆಯ ಚರ್ಮದಂತೆ ಮುಳ್ಳು ಮುಳ್ಳಾದ ಗುಳ್ಳೆಗಳೆದ್ದರೆ ಅದು ಪೌಷ್ಟಿಕತೆಯ ಕೊರತೆಯ ಗುರುತಾಗಿರಬಹುದು. ಅಂಥ ಮಕ್ಕಳನ್ನು ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಎಲ್ಲ ಒಣ ಚರ್ಮವೂ ಹವೆಯಿಂದ ಆದುದಲ್ಲ. ಈ ಕೆಳಗಿನ ಚಿಹ್ನೆಗಳಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

1. ಬಣ್ಣಗೆಟ್ಟ ಒಣ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಇಲ್ಲದಿದ್ದರೆ ಕುಷ್ಠರೋಗದ ಶಂಕೆ ಇದೆ. ಇದು ಪೂರ್ತಿ ಗುಣವಾಗುವ ರೋಗ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ.

2. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ನೋವೇ ತಿಳಿಯದಿರಬಹುದು. ಅವರು ಪ್ರತಿದಿನ ಅಂಗಾಲನ್ನು ನೋಡಿಕೊಳ್ಳಬೇಕು. ನೆನೆಸುವ, ಉಜ್ಜುವ ಕೆಲಸವನ್ನು ವೈದ್ಯರನ್ನು ಕೇಳದೆ ಮಾಡಬಾರದು.

3. ಒಣ ಚರ್ಮದ ಜೊತೆಗೆ ಆಯಾಸ, ಚಳಿ ತಡೆಯಲಾಗದಿರುವುದು, ಮೈ ತೂಕ ಹೆಚ್ಚುವುದು, ಕೂದಲು ಉದುರುವುದು ಕಂಡರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

4. ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆಯಿಂದ ಚರ್ಮ ದಪ್ಪಗಾಗುತ್ತಿದ್ದರೆ ಪಾರ್ಥೇನಿಯಂ ಕಳೆಯ ಒಗ್ಗದಿಕೆ ಕಾರಣವಿರಬಹುದು.

5. ಬಿರುಕಿನಿಂದ ರಕ್ತ, ಕೀವು, ಊತ, ಜ್ವರ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಧನುರ್ವಾಯು ಚುಚ್ಚುಮದ್ದು ಹಾಕಿಸಿ 10 ವರ್ಷ ಕಳೆದಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು.

ಬಿರುಕಿಗೆ ಸುಣ್ಣ, ಸಗಣಿ, ಬ್ಯಾಟರಿಯ ಆಮ್ಲ ಹಚ್ಚುವುದು ಗಾಯವನ್ನು ಕೆಡಿಸುತ್ತದೆ. ವೈದ್ಯರ ಸಲಹೆ ಇಲ್ಲದೆ ಸ್ಟಿರಾಯ್ಡ್ ಇರುವ ಮುಲಾಮು ಕೊಂಡು ಹಚ್ಚಬಾರದು. ಅದರಿಂದ ಚರ್ಮ ತೆಳ್ಳಗಾಗುತ್ತದೆ. ಹುಳುಕಡ್ಡಿ ಇದ್ದರೆ ಇನ್ನಷ್ಟು ಹರಡುತ್ತದೆ.

ಈ ಕ್ರಮಗಳನ್ನು ಹಿಮ್ಮಡಿ ಬಿರಿದ ಮೇಲಲ್ಲ, ದೀಪಾವಳಿಯಿಂದಲೇ ಆರಂಭಿಸುವುದು ಲೇಸು. ದಿನಕ್ಕೆ ಎರಡು ಚಮಚ ಎಣ್ಣೆ, ರಾತ್ರಿ ಹದಿನೈದು ನಿಮಿಷ ಇಷ್ಟನ್ನು ಮನೆಯ ಹಿರಿಯರಿಗೂ, ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳಿಗೂ ಒದಗಿಸಿದರೆ ಸುಗ್ಗಿಯ ಕೆಲಸವನ್ನು ನೋವಿಲ್ಲದೆ ಮುಗಿಸಬಹುದು.