ಸಾಕ್ಷಿ ಕಟಕಟೆ ಇರುವುದು ಕೆಳಗಿನ ಕೋರ್ಟಿನಲ್ಲಿ

ಜಗಳ ಜೋರಾದಾಗ "ಹೈಕೋರ್ಟಿನವರೆಗೂ ಹೋಗ್ತೀನಿ" ಅನ್ನುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಪಠ್ಯಪುಸ್ತಕದ ಚಿತ್ರವೂ ಅದಕ್ಕೆ ಕುಮ್ಮಕ್ಕು ಕೊಡುವಂತಿದೆ: ಕೆಳಗೆ ತಾಲ್ಲೂಕು ಕೋರ್ಟು, ಮಧ್ಯೆ ಜಿಲ್ಲಾ ಕೋರ್ಟು, ಅದರ ಮೇಲೆ ಹೈಕೋರ್ಟು. ಮೇಲೆ ಹೋದಷ್ಟೂ ನಿಜ ಹೊರಬರುತ್ತದೆ ಎಂದು ವಿದ್ಯಾರ್ಥಿಗಳು ನಂಬಿಬಿಡುತ್ತಾರೆ. ಆದರೆ ಸಾಕ್ಷಿ ಬಾಯಿಬಿಡುವುದು ಕೆಳಗಿನ ಕೋರ್ಟಿನಲ್ಲೇ. ಮೇಲಿನವರು ಹೆಚ್ಚಾಗಿ ಅಲ್ಲಿ ಬರೆದುಕೊಂಡದ್ದನ್ನು ಓದುತ್ತಾರೆ.

ತಾಲ್ಲೂಕು ಕೋರ್ಟಿನ ಬಾಗಿಲ ಫಲಕ ಗಮನಿಸಿ. 'ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ' (ಅಂದರೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್) ಎಂದಿದ್ದರೆ, ಹೊಲದ ವ್ಯಾಜ್ಯ ಕೇಳುವವರೂ ಬೈಕ್ ಕಳವಿನ ಕೇಸು ನಡೆಸುವವರೂ ಒಬ್ಬರೇ. ಬೆಂಗಳೂರಿನಂಥ ನಗರದಲ್ಲಿ ಮಾತ್ರ ಸಿವಿಲ್ ಕೆಲಸಕ್ಕೆ ಸಿಟಿ ಸಿವಿಲ್ ಕೋರ್ಟು, ಕ್ರಿಮಿನಲ್ ಕೆಲಸಕ್ಕೆ ಮ್ಯಾಜಿಸ್ಟ್ರೇಟ್ ಕೋರ್ಟುಗಳು ಬೇರೆ ಬೇರೆ ಕಟ್ಟಡಗಳಲ್ಲಿವೆ.

ಅಪ್ಪನ ಜಮೀನಿನಲ್ಲಿ ಪಾಲು ಕೇಳಿ ಮಗಳೊಬ್ಬಳು ದಾವೆ ಹೂಡಿದಳು ಅಂದುಕೊಳ್ಳಿ. ವಕೀಲರು ವಾದಪತ್ರ ಬರೆದು, ಕೋರ್ಟ್ ಫೀ ಕಟ್ಟಿ ಸಲ್ಲಿಸುತ್ತಾರೆ. ಕಚೇರಿಯವರು ತಪಾಸಣೆ ಮಾಡಿದ ಮೇಲೆ ಅದಕ್ಕೊಂದು ಓ.ಎಸ್. (ಮೂಲ ದಾವೆ) ಸಂಖ್ಯೆ ಬೀಳುತ್ತದೆ. ಅಣ್ಣಂದಿರಿಗೆ ಸಮನ್ಸ್ ಹೋಗುತ್ತದೆ. ಅಂಚೆಯಲ್ಲೂ ಹೋಗಬಹುದು, ಅಮೀನರೇ ಮನೆಗೆ ಬಂದು ಕೊಡಲೂಬಹುದು. ಅವರು 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು. ಕಾರಣವಿದ್ದರೆ ಕೋರ್ಟು 90 ದಿನದವರೆಗೆ ಕಾಯುತ್ತದೆ. ನಿಜವಾಗಿ ಜಗಳ ಯಾವುದರ ಬಗ್ಗೆ ಎಂಬುದನ್ನು ಆಮೇಲೆ ನ್ಯಾಯಾಧೀಶರು ವಿವಾದಾಂಶಗಳಾಗಿ ಬರೆಯುತ್ತಾರೆ: ಜಮೀನು ಪಿತ್ರಾರ್ಜಿತವೇ? ಹಿಂದೆಯೇ ಪಾಲಾಗಿದೆಯೇ?

ಅಲ್ಲಿಂದ ಮುಂದೆ ಸಾಕ್ಷ್ಯ. ಮಗಳ ಮುಖ್ಯ ವಿಚಾರಣೆ ಪ್ರಮಾಣಪತ್ರದ ರೂಪದಲ್ಲಿ ಬರುತ್ತದೆ. ಅವಳು ತಂದ ಪಹಣಿ, ಕ್ರಯಪತ್ರಗಳಿಗೆ ನಿ.ಪಿ.1, ನಿ.ಪಿ.2 ಎಂದು ಗುರುತು ಹಾಕುತ್ತಾರೆ. ಆಮೇಲೆ ಎದುರು ವಕೀಲರ ಪಾಟಿ ಸವಾಲು. "ಮದುವೆಯಲ್ಲಿ ನಿಮಗೆ ಒಡವೆ ಕೊಟ್ಟರಲ್ಲವೇ?" ಎಂಬ ಪ್ರಶ್ನೆಗೆ ಅವಳು ಹೇಳಿದ್ದು, ಹೇಳದೆ ತಡವರಿಸಿದ್ದು ಎರಡನ್ನೂ ಕಣ್ಣಾರೆ ನೋಡುವವರು ಈ ನ್ಯಾಯಾಧೀಶರು ಮಾತ್ರ.

ಸೋತವರು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಅಥವಾ ಜಿಲ್ಲಾ ನ್ಯಾಯಾಲಯದಲ್ಲಿ ಮೇಲ್ಮನವಿ ಹಾಕಬಹುದು. ಅಲ್ಲಿ ಕಡತ ಮರಳಿ ಪರಿಶೀಲನೆಯಾಗುತ್ತದೆ, ಆದರೆ ಹೊಸ ಸಾಕ್ಷ್ಯಕ್ಕೆ ಅವಕಾಶ ಬಹಳ ಕಡಿಮೆ. ಅಲ್ಲೂ ಸೋತು ಎರಡನೇ ಮೇಲ್ಮನವಿಗೆ ಹೈಕೋರ್ಟಿಗೆ ಹೋದರೆ ದಾರಿ ಇನ್ನಷ್ಟು ಕಿರಿದು. ಕಾನೂನಿನ ಗಣನೀಯ ಪ್ರಶ್ನೆ ಇದ್ದರಷ್ಟೇ ಅದನ್ನು ಕೇಳುತ್ತಾರೆ. ತಾಲ್ಲೂಕಿನಲ್ಲಿ ಹಾಜರುಪಡಿಸಲು ಮರೆತ ಪತ್ರವನ್ನು ಬೆಂಗಳೂರಿನಲ್ಲಿ ತೋರಿಸುತ್ತೇನೆ ಎಂದರೆ ನಡೆಯುವುದು ಕಷ್ಟ.

ಕ್ರಿಮಿನಲ್ ಕೇಸಿನ ಲೆಕ್ಕ ಶಿಕ್ಷೆಯ ಪ್ರಮಾಣದ ಮೇಲೆ ನಿಂತಿದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ 3 ವರ್ಷದವರೆಗೆ, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ 7 ವರ್ಷದವರೆಗೆ ಜೈಲು ವಿಧಿಸಬಹುದು. ಕೊಲೆ ಕೇಸಿನ ದೋಷಾರೋಪ ಪಟ್ಟಿಯೂ ಮೊದಲು ಬರುವುದು ಮ್ಯಾಜಿಸ್ಟ್ರೇಟರ ಬಳಿಗೇ. ಅವರು ಅದನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ಸೆಷನ್ಸ್ ಮರಣದಂಡನೆ ಕೊಟ್ಟರೆ ಹೈಕೋರ್ಟು ಸ್ಥಿರಪಡಿಸುವವರೆಗೆ ಅದು ಜಾರಿಯಾಗುವಂತಿಲ್ಲ. ಆರೋಪಿ ಕೇಳದಿದ್ದರೂ ಕಡತ ತಾನಾಗಿ ಮೇಲೆ ಹೋಗುತ್ತದೆ.

ಹಳ್ಳಿಯಲ್ಲಿ 'ಎಸಿ ಕೋರ್ಟು', 'ಡಿಸಿ ಕೋರ್ಟು' ಎನ್ನುವುದು ಈ ಸಾಲಿಗೆ ಸೇರಿದ್ದಲ್ಲ. ಅವು ಉಪವಿಭಾಗಾಧಿಕಾರಿ (ಎಸಿ) ಮತ್ತು ಜಿಲ್ಲಾಧಿಕಾರಿ (ಡಿಸಿ) ನಡೆಸುವ ಕಂದಾಯ ಇಲಾಖೆಯವು. ಪಹಣಿಯಲ್ಲಿ ಹೆಸರು ಯಾರದಿರಬೇಕು ಎಂಬ ತಕರಾರು ಅಲ್ಲಿಗೆ ಹೋಗುತ್ತದೆ. ಜಮೀನಿನ ಒಡೆತನ ಯಾರದು ಎಂದು ತೀರ್ಮಾನಿಸುವುದು ಸಿವಿಲ್ ಕೋರ್ಟು. ಈ ವ್ಯತ್ಯಾಸ ತಿಳಿಯದೆ ಎಸಿ ಕಚೇರಿಗೆ ವರ್ಷಗಟ್ಟಲೆ ಅಲೆದವರನ್ನು ಯಾವ ವಕೀಲರನ್ನು ಕೇಳಿದರೂ ಹೆಸರಿಸುತ್ತಾರೆ.

ಹಾಗಾದರೆ ಹೈಕೋರ್ಟು ಬರೀ ಓದುವ ಮನೆಯೇ? ಅಲ್ಲ. ಸರ್ಕಾರ ನಿಮ್ಮ ಹಕ್ಕಿಗೆ ಅಡ್ಡ ಬಂದಾಗ ಸಂವಿಧಾನದ 226ನೇ ವಿಧಿಯಡಿ ನೇರವಾಗಿ ಅಲ್ಲಿಗೇ ರಿಟ್ ಅರ್ಜಿ ಹಾಕಬಹುದು. ರಾಜ್ಯದ ಕೆಳ ನ್ಯಾಯಾಲಯಗಳ ಮೇಲಿನ ಹತೋಟಿಯೂ 235ನೇ ವಿಧಿಯಂತೆ ಹೈಕೋರ್ಟಿನದೇ, ಸರ್ಕಾರದ್ದಲ್ಲ. ಹೈಕೋರ್ಟು ಇರುವ ಬೆಂಗಳೂರಿನ ಅಠಾರಾ ಕಚೇರಿಯ ಜೊತೆಗೆ 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಶುರುವಾದವು. 2013ರಲ್ಲಿ ಅವು ಕಾಯಂ ಆದವು. ಬೀದರಿನವರಿಗೆ ಕಲಬುರಗಿ ಪೀಠದಿಂದ ಉಳಿದ ರೈಲು ಪ್ರಯಾಣವೇ ದೊಡ್ಡ ನ್ಯಾಯ ಎಂದರೆ ಅತಿಶಯೋಕ್ತಿಯಲ್ಲ.

ವಕೀಲರ ಶುಲ್ಕ ಭರಿಸಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡುತ್ತಾರೆ. ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರಾಯಿತು.

ವಿದ್ಯಾರ್ಥಿಗಳು ಇದನ್ನೆಲ್ಲ ಖುದ್ದು ನೋಡಬಹುದು. ಕೆಲವು ಗೋಪ್ಯ ವಿಚಾರಣೆಗಳನ್ನು ಬಿಟ್ಟರೆ ಕೋರ್ಟು ಎಲ್ಲರಿಗೂ ತೆರೆದಿರುತ್ತದೆ. ಹೋಗುವ ಮುನ್ನ ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣ ಯಾವ ಹಂತದಲ್ಲಿದೆ ಎಂದು ನೋಡಿಕೊಳ್ಳಿ. 'ಸಾಕ್ಷ್ಯ' ಎಂದಿರುವ ದಿನ ಹೋಗಿ, ಮೊಬೈಲ್ ಆಫ್ ಮಾಡಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಬರೀ ಮುದ್ದತು ಕೊಡುವ ಪ್ರಕರಣವಾದರೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ.