ಎಂಎಸ್ ಅಲ್ಲ ಎನ್ನುವ ರಕ್ತಪರೀಕ್ಷೆ

ನೆಲಮಂಗಲ ತಾಲ್ಲೂಕಿನ ಸೋಂಪುರದಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾದರೆ, ಕಾಲಿಗೆ ಹಿಡಿದ ಜೋಮು ದಿನಗಟ್ಟಲೆ ಬಿಡದಿದ್ದರೆ, ಅದರ ಮೂಲ ಮಿದುಳು ಅಥವಾ ಬೆನ್ನುಹುರಿಯಲ್ಲಿ ಇರಬಹುದು. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಕಾಯಿಲೆಯಲ್ಲಿ, ದೇಹ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನರತಂತುಗಳ ಮೈಲಿನ್ ಹೊದಿಕೆಯನ್ನು ಹಾಳುಮಾಡುತ್ತದೆ. ಎಂಆರ್‌ಐ, ಬೆನ್ನಿನ ನೀರಿನ ಪರೀಕ್ಷೆ ಎಂದು ಓಡಾಡುವವರು ‘ರಕ್ತದಲ್ಲೇ ಗೊತ್ತಾಗುವುದಿಲ್ಲವೇ’ ಎಂದು ಕೇಳುವುದು ಸಹಜ. ಎಂಎಸ್ ಇದೆ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇನ್ನೂ ಇಲ್ಲ. ಆದರೆ ಅದು ಎಂಎಸ್ ಅಲ್ಲ ಎಂದು ಹೇಳಬಲ್ಲ ಪರೀಕ್ಷೆ ಇದೆ. ನಮ್ಮ ನಾಡಿಗೆ ಇಂದು ಹೆಚ್ಚು ಬೇಕಾಗಿರುವುದು ಅದೇ.

ಎನ್‌ಎಂಒ ಎಂಬ ಇನ್ನೊಂದು ಕಾಯಿಲೆಯೂ ಕಣ್ಣಿನ ನರ ಮತ್ತು ಬೆನ್ನುಹುರಿಯನ್ನೇ ಹಿಡಿಯುತ್ತದೆ. ಅಕ್ವಾಪೊರಿನ್-4 ಪ್ರೋಟೀನಿನ ವಿರುದ್ಧ ಏಳುವ ಪ್ರತಿಕಾಯ ಅದರ ಗುರುತು. ರಕ್ತದಲ್ಲಿ ಅದು ಪತ್ತೆಯಾದದ್ದು 2004ರಲ್ಲಿ. ಮೈಲಿನ್‌ನಲ್ಲಿರುವ ಮಾಗ್ (ಎಂಒಜಿ) ಪ್ರೋಟೀನಿನ ಪ್ರತಿಕಾಯ ಮೂರನೆಯದೊಂದು ಕಾಯಿಲೆಯನ್ನು ತೋರಿಸುತ್ತದೆ. ಈ ಭೇದ ಬರೀ ಹೆಸರಿನದಲ್ಲ: ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್‌ನಂಥ ಔಷಧಗಳು ಎನ್‌ಎಂಒವನ್ನು ಉಲ್ಬಣಿಸಬಹುದು. ಇಷ್ಟು ಅಪರೂಪದ ಕಾಯಿಲೆಗೆ ಪರೀಕ್ಷೆ ಏಕೆ ಎಂದು ಕೇಳಬಹುದು. ಉತ್ತರ ಮಂಗಳೂರಿನಲ್ಲಿದೆ. ಡಾ. ಲೇಖಾ ಪಂಡಿತ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ನಗರದಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಎಂಎಸ್, 3ಕ್ಕೂ ತುಸು ಕಡಿಮೆ ಮಂದಿಗೆ ಎನ್‌ಎಂಒ. ಅಂದರೆ ಎಂಎಸ್‌ನ ಮೂವರಿಗೆ ಎನ್‌ಎಂಒದ ಒಬ್ಬರು. ಉತ್ತರ ಯೂರೋಪಿನಲ್ಲಿ ಎಂಎಸ್ ಲಕ್ಷಕ್ಕೆ ನೂರನ್ನು ದಾಟುವುದರಿಂದ ಅಲ್ಲಿ ಎನ್‌ಎಂಒದ ಪಾಲು ತೀರ ಸಣ್ಣದು. ಅಲ್ಲಿನ ಲೆಕ್ಕ ನಂಬಿ ಇಲ್ಲಿ ಔಷಧ ಆರಿಸುವಂತಿಲ್ಲ.

ಇನ್ನೊಂದು ಗುರುತು ನ್ಯೂರೋಫಿಲಮೆಂಟ್ ಲೈಟ್. ನರತಂತು ಹಾನಿಗೊಂಡಾಗ ಅದರೊಳಗಿನ ಈ ಪ್ರೋಟೀನು ಸೋರಿ ರಕ್ತ ಸೇರುತ್ತದೆ. ಅಮೆರಿಕದ ಸೈನಿಕರಿಂದ ಮೊದಲೇ ತೆಗೆದಿಟ್ಟಿದ್ದ ರಕ್ತದಲ್ಲಿ, ಎಂಎಸ್ ಲಕ್ಷಣ ಕಾಣುವ ಕೆಲವು ವರ್ಷಗಳ ಮುಂಚೆಯೇ ಇದು ಏರಿತ್ತೆಂದು 2019ರ ಅಧ್ಯಯನ ತೋರಿಸಿತು. ಪಾರ್ಶ್ವವಾಯು, ತಲೆಗೆ ಪೆಟ್ಟು, ಕೊನೆಗೆ ವಯಸ್ಸಾದರೂ ಇದು ಏರುತ್ತದಲ್ಲ ಎಂಬ ಆಕ್ಷೇಪ ನಿಜ. ಜ್ವರ ಅಳೆಯುವ ಥರ್ಮಾಮೀಟರು ಟೈಫಾಯ್ಡೋ ಮಲೇರಿಯಾವೋ ಹೇಳುವುದಿಲ್ಲ. ಆದರೂ ಔಷಧ ನಾಟಿತೇ ಎಂದು ತಿಳಿಯಲು ಅದು ಬೇಕು. ರೋಗ ಖಚಿತವಾದ ಮೇಲೆ ನ್ಯೂರೋಫಿಲಮೆಂಟಿನ ಕೆಲಸವೂ ಅಂಥದೇ. ರಕ್ತಪರೀಕ್ಷೆ ಎಂಆರ್‌ಐಗೆ ಬದಲಿಯಲ್ಲ, ಜೊತೆಗಾರ. ಅದಕ್ಕೆ ಇನ್ನೊಂದು ಗುಣವೂ ಇದೆ: ಎಂಆರ್‌ಐ ಯಂತ್ರ ಸೋಂಪುರಕ್ಕೆ ಬಾರದು, ಸೋಂಪುರದ ರಕ್ತದ ಮಾದರಿ ಮಾತ್ರ ಪ್ರಯೋಗಾಲಯಕ್ಕೆ ಹೋಗಬಲ್ಲದು. ತೀವ್ರ ದಾಳಿಯ ಚಿಕಿತ್ಸೆ ವರದಿಗಾಗಿ ಕಾಯಬಾರದು. ಆದರೆ ವರ್ಷಗಟ್ಟಲೆ ತೆಗೆದುಕೊಳ್ಳಬೇಕಾದ ಎಂಎಸ್ ಔಷಧ ಶುರುವಾಗುವ ಮೊದಲು, ಅಕ್ವಾಪೊರಿನ್-4 ಮತ್ತು ಮಾಗ್ ಪ್ರತಿಕಾಯಗಳ ಪರೀಕ್ಷೆ ಆಗಿದೆಯೇ ಎಂದು ನರರೋಗ ವೈದ್ಯರನ್ನು ತಪ್ಪದೆ ಕೇಳಿ.